ಬ್ರಿಟನ್‌ನಲ್ಲಿ ಮನೆಗಳ ಗ್ಯಾಸ್ ಬಾಯ್ಲರ್ ಕಿತ್ತುಹಾಕುತ್ತಿದ್ದಾರಾ? ಫಾರ್ವರ್ಡ್ ಹೇಳುವುದೇನು, ನಡೆದಿರುವುದೇನು

ಕಳೆದ ತಿಂಗಳು ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಮೆಸೇಜ್ ಬಂತು. ಕಳಿಸಿದವರು ಹಾಸನದಲ್ಲಿರುವ ದೊಡ್ಡಮ್ಮ. ಬ್ರಿಟನ್ ಸರ್ಕಾರ ಮನೆಗಳ ಗ್ಯಾಸ್ ಬಾಯ್ಲರ್‌ಗಳನ್ನು ನಿಷೇಧಿಸಿದೆ, ತೆಗೆಸದವರಿಗೆ ದಂಡ, ಬದಲಿಗೆ ಹಾಕಿಸಬೇಕಾದ ಹೀಟ್ ಪಂಪ್ ಚಳಿಯಲ್ಲಿ ಕೆಲಸವನ್ನೇ ಮಾಡುವುದಿಲ್ಲ, ಬಿಲ್ ನಾಲ್ಕು ಪಟ್ಟಾಗುತ್ತದೆ ಎಂಬುದು ಅದರ ಸಾರ. ಕೆಳಗೆ ದೊಡ್ಡಮ್ಮನದೇ ಒಂದು ಸಾಲು: "ಮಗು ಇರೋ ಮನೆ, ಹುಷಾರು ಕಣೇ."

ಆ ಸಾಲು ಅವರ ಮಗಳಿಗೆ, ಅಂದರೆ ಲೆಸ್ಟರ್‌ನಲ್ಲಿರುವ ನಮ್ಮ ಅಕ್ಕನಿಗೆ. ಅಕ್ಕ, ಭಾವ ಮೂರು ವರ್ಷದ ಹಿಂದೆ ಸಾಲ ಮಾಡಿ ಅಲ್ಲೊಂದು ಹಳೆಯ ಮನೆ ಕೊಂಡಿದ್ದಾರೆ. ಅದರ ಬಾಯ್ಲರ್‌ಗೆ ಹದಿಮೂರು ವರ್ಷ ವಯಸ್ಸು. ಮೆಸೇಜ್ ಬಂದ ವಾರವೇ ಅವರಿಗೆ ಒಂದು ಫೋನ್ ಕೂಡ ಬಂದಿತ್ತು. "ಸರ್ಕಾರದ ಯೋಜನೆ, ಶುಕ್ರವಾರ ಕೊನೇ ದಿನ, ಈಗಲೇ 500 ಪೌಂಡ್ ಕಟ್ಟಿದರೆ ನಿಮ್ಮ ಹೆಸರು ಬರೆದುಕೊಳ್ಳುತ್ತೇವೆ" ಅಂತ. ಎರಡೂ ಒಟ್ಟಿಗೆ ಸೇರಿದಾಗ ಭಾವ ಕಾರ್ಡ್ ನಂಬರ್ ಕೊಡುವುದರಲ್ಲಿದ್ದರು. ಅಕ್ಕ ತಡೆದು ನನಗೆ ಫೋನ್ ಮಾಡಿದಳು. ಈ ಲೇಖನ ಶುರುವಾದದ್ದು ಅಲ್ಲಿಂದ.

ಬ್ರಿಟನ್‌ನಲ್ಲಿ ನಮ್ಮವರು ಬಹಳ ಜನ ಇದ್ದಾರೆ. ನರ್ಸ್‌ಗಳು, ಡಾಕ್ಟರ್‌ಗಳು, ಐಟಿಯವರು, ಓದಲು ಹೋದ ಹುಡುಗರು. ಅವರ ಅಪ್ಪ ಅಮ್ಮಂದಿರು ಇಲ್ಲಿಂದ ಇಂಥ ಫಾರ್ವರ್ಡ್ ಕಳಿಸುತ್ತಲೇ ಇರುತ್ತಾರೆ. ಹಾಗಾಗಿ ಒಂದೊಂದನ್ನೇ ಬಿಡಿಸಿ ನೋಡೋಣ. ಇಲ್ಲಿರುವ ಲೆಕ್ಕಗಳು 2025ರ ಕೊನೆಯವರೆಗಿನವು.

ಮೊದಲು ಉತ್ತರ

ಇಲ್ಲ. ಇರುವ ಬಾಯ್ಲರ್ ತೆಗೆಸಲೇಬೇಕು ಎಂಬ ಕಾನೂನು ಬ್ರಿಟನ್‌ನಲ್ಲಿ ಇಲ್ಲ, ಹಿಂದೆಯೂ ಇರಲಿಲ್ಲ. ಬಾಯ್ಲರ್ ಕೆಟ್ಟರೆ ರಿಪೇರಿ ಮಾಡಿಸಬಹುದು, ಹೊಸ ಗ್ಯಾಸ್ ಬಾಯ್ಲರನ್ನೇ ಹಾಕಿಸಬಹುದು. ಮನೆಯವರಿಗೆ ದಂಡ ಎಂಬುದು ಶುದ್ಧ ಸುಳ್ಳು.

ಹಾಗಾದರೆ ಈ ಸುದ್ದಿ ಹುಟ್ಟಿದ್ದಾದರೂ ಎಲ್ಲಿಂದ? ಪೂರ್ತಿ ಗಾಳಿಯಿಂದ ಹುಟ್ಟಿದ್ದಲ್ಲ. ಬೇರೆ ಬೇರೆ ವರ್ಷಗಳ, ಎರಡು ದೇಶಗಳ ನಾಲ್ಕೈದು ನಿಜ ಸಂಗತಿಗಳನ್ನು ಒಂದೇ ಪಾತ್ರೆಗೆ ಹಾಕಿ ಕಲಸಿದ್ದಾರೆ.

ಚಳಿಗಾಲ, ಬಾಯ್ಲರ್, ರೇಡಿಯೇಟರ್

ನಮಗೆ ಬಿಸಿನೀರು ಅಂದರೆ ಸ್ನಾನಕ್ಕೆ. ಹಂಡೆ ಒಲೆ ಹೋಗಿ ಗೀಸರ್ ಬಂತು, ಕೆಲವರ ಮನೆ ಮೇಲೆ ಸೋಲಾರ್ ಬಂತು. ಬ್ರಿಟನ್‌ನಲ್ಲಿ ಬಿಸಿನೀರು ಮನೆಯನ್ನೇ ಬೆಚ್ಚಗಿಡುತ್ತದೆ. ಅಡುಗೆಮನೆಯ ಗೋಡೆಯಲ್ಲಿ ನೇತಾಡುವ ಬಾಯ್ಲರ್ ಗ್ಯಾಸ್ ಉರಿಸಿ ನೀರು ಕಾಯಿಸುತ್ತದೆ. ಆ ನೀರು ಪೈಪಿನಲ್ಲಿ ಹರಿದು ಪ್ರತಿ ಕೋಣೆಯ ರೇಡಿಯೇಟರ್‌ಗೆ ಹೋಗಿ ಬರುತ್ತದೆ. ಗ್ಯಾಸ್ ಬರುವುದು ಸಿಲಿಂಡರಿನಲ್ಲಲ್ಲ, ರಸ್ತೆಯ ಕೆಳಗಿನ ಪೈಪಿನಲ್ಲಿ. ಅಲ್ಲಿನ ಸುಮಾರು ಶೇ 85ರಷ್ಟು ಮನೆಗಳು ಹೀಗೆಯೇ ಬೆಚ್ಚಗಾಗುತ್ತವೆ.

ಇಷ್ಟು ಗ್ಯಾಸ್ ಉರಿದರೆ ಹೊಗೆಯೂ ಅಷ್ಟೇ. ಬ್ರಿಟನ್ ಹೊರಬಿಡುವ ಹಸಿರುಮನೆ ಅನಿಲಗಳಲ್ಲಿ ಹತ್ತಿರಹತ್ತಿರ ಐದರಲ್ಲಿ ಒಂದು ಪಾಲು ಕಟ್ಟಡಗಳದ್ದು, ಅದರಲ್ಲಿ ಬಹುಪಾಲು ಮನೆ ಕಾಯಿಸುವುದರಿಂದ ಬಂದದ್ದು. 2050ಕ್ಕೆ ನಿವ್ವಳ ಶೂನ್ಯ ಹೊರಸೂಸುವಿಕೆ ತಲುಪಬೇಕು ಎಂದು 2019ರಲ್ಲಿ ಕಾನೂನು ಮಾಡಿಕೊಂಡ ದೇಶ ಅದು. ಮನೆಗಳನ್ನು ಬಿಟ್ಟು ಆ ಲೆಕ್ಕ ಕೂಡುವುದಿಲ್ಲ. ಇನ್ನೊಂದು ಕಾರಣ ಜೇಬಿನದು. 2022ರಲ್ಲಿ ರಷ್ಯಾ ಯುಕ್ರೇನ್ ಮೇಲೆ ದಾಳಿ ಮಾಡಿದ ಮೇಲೆ ಗ್ಯಾಸ್ ಬೆಲೆ ಹೇಗೆ ಏರಿತು ಎಂಬುದು ಅಲ್ಲಿರುವ ಎಲ್ಲರಿಗೂ ನೆನಪಿದೆ.

ಹಿಂದೊಮ್ಮೆ ಇದೇ ದೇಶ ಮನೆಮನೆಗೆ ಹೋಗಿ ಒಲೆ ಬದಲಿಸಿತ್ತು ಎಂದು ಓದಿದಾಗ ನನಗೆ ಆಶ್ಚರ್ಯವಾಯಿತು. 1960ರ ದಶಕದವರೆಗೆ ಅಲ್ಲಿ ಉರಿಯುತ್ತಿದ್ದದ್ದು ಮುಖ್ಯವಾಗಿ ಕಲ್ಲಿದ್ದಲಿನಿಂದ ತಯಾರಿಸಿದ ಅನಿಲ. ಉತ್ತರ ಸಮುದ್ರದಲ್ಲಿ ನೈಸರ್ಗಿಕ ಅನಿಲ ಸಿಕ್ಕಿತು. ಎರಡಕ್ಕೂ ಒಂದೇ ಬರ್ನರ್ ಆಗುವುದಿಲ್ಲ. 1967ರಿಂದ 1977ರವರೆಗೆ, ಹತ್ತೇ ವರ್ಷದಲ್ಲಿ, ಒಂದು ಕೋಟಿಗೂ ಹೆಚ್ಚು ಗ್ರಾಹಕರ ಒಲೆ ಹೀಟರ್‌ಗಳನ್ನು ಬೀದಿಬೀದಿಯಾಗಿ ಬದಲಿಸಿಕೊಟ್ಟರು. ಆಗ ಗ್ಯಾಸ್ ಸರಬರಾಜು ಸರ್ಕಾರಿ ಸಂಸ್ಥೆಯ ಕೈಯಲ್ಲಿತ್ತು, ಬದಲಾವಣೆಯ ಖರ್ಚೂ ಅದರದೇ. ಈಗ ಆ ಕೆಲಸ ಸಾವಿರಾರು ಸಣ್ಣ ಪುಟ್ಟ ಕಾಂಟ್ರಾಕ್ಟರ್‌ಗಳು ಮತ್ತು ಮನೆ ಓನರ್‌ಗಳ ಮೇಲೆ ಬಿದ್ದಿದೆ. ಈ ಒಂದು ವ್ಯತ್ಯಾಸದಿಂದಲೇ ಮುಂದಿನ ಅರ್ಧ ಕಥೆ ಅರ್ಥವಾಗುತ್ತದೆ.

ಹೀಟ್ ಪಂಪ್ ಅಂದರೆ ಏನು, ಚಳಿಯಲ್ಲಿ ನಡೆಯುತ್ತದಾ

ನಿಮ್ಮ ಫ್ರಿಜ್ಜಿನ ಹಿಂಭಾಗ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಒಳಗಿನ ಶಾಖವನ್ನು ಹೊರಗೆ ಸಾಗಿಸುವುದೇ ಅದರ ಕೆಲಸ. ಹೀಟ್ ಪಂಪ್ ಇದನ್ನೇ ತಿರುಗಿಸಿ ಮಾಡುತ್ತದೆ. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ಮನೆಯೊಳಗಿನ ನೀರಿಗೆ ಕೊಡುತ್ತದೆ. ನೋಡಲು ದೊಡ್ಡ ಎಸಿಯ ಹೊರಗಿನ ಪೆಟ್ಟಿಗೆಯ ಹಾಗೆ.

"ಹೊರಗೆ ಕೊರೆಯುವ ಚಳಿ, ಅಲ್ಲಿ ಶಾಖ ಎಲ್ಲಿಂದ?" ಅಂತ ಭಾವನೂ ಕೇಳಿದರು. ಸೊನ್ನೆ ಡಿಗ್ರಿ ಅಂದರೆ ಶಾಖವೇ ಇಲ್ಲ ಅಂತಲ್ಲ. ಫ್ರೀಜರ್ ಒಳಗೆ ಮೈನಸ್ 18 ಡಿಗ್ರಿ ಇದ್ದರೂ ಅದು ಇನ್ನೂ ಶಾಖ ಹೊರಗೆ ಹಾಕುತ್ತಲೇ ಇರುತ್ತದಲ್ಲ. ಹೀಟ್ ಪಂಪಿನ ಪೈಪಿನಲ್ಲಿರುವ ದ್ರವ ಹೊರಗಿನ ಗಾಳಿಗಿಂತಲೂ ತಣ್ಣಗಿರುವಂತೆ ಮಾಡಿರುತ್ತಾರೆ. ಹಾಗಾಗಿ ತಣ್ಣನೆಯ ಗಾಳಿಯಿಂದಲೂ ಶಾಖ ಅದರೊಳಗೆ ಹರಿಯುತ್ತದೆ. ಹೊರಗೆ ಚಳಿ ಹೆಚ್ಚಿದಷ್ಟೂ ಅದರ ದಕ್ಷತೆ ಇಳಿಯುತ್ತದೆ ಎಂಬುದು ನಿಜ. ಆದರೆ ಯುರೋಪಿನಲ್ಲಿ ಅತಿ ಹೆಚ್ಚು ಮನೆಗಳಲ್ಲಿ ಹೀಟ್ ಪಂಪ್ ಇರುವುದು ನಾರ್ವೆಯಲ್ಲಿ, ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ. ಸ್ವೀಡನ್, ಫಿನ್ಲೆಂಡ್ ಅದರ ಹಿಂದಿವೆ. ಮೂರೂ ಬ್ರಿಟನ್ನಿಗಿಂತ ಬಹಳ ಚಳಿಯ ದೇಶಗಳು.

ಬ್ರಿಟನ್ ಸರ್ಕಾರವೇ 742 ಮನೆಗಳಲ್ಲಿ ಹಾಕಿಸಿ ಪರೀಕ್ಷೆ ಮಾಡಿಸಿತು. ನೂರು ವರ್ಷ ದಾಟಿದ ಸಾಲುಮನೆಗಳು, 1960ರ ದಶಕದ ಫ್ಲ್ಯಾಟ್‌ಗಳು, ಹೊಸ ಮನೆಗಳು ಎಲ್ಲವೂ ಅದರಲ್ಲಿದ್ದವು. ಒಂದು ಯೂನಿಟ್ ಕರೆಂಟಿಗೆ ವರ್ಷದ ಲೆಕ್ಕದಲ್ಲಿ ಸುಮಾರು 2.8 ಯೂನಿಟ್ ಶಾಖ ಸಿಕ್ಕಿತು. ಯಾವುದೇ ಬಗೆಯ ಮನೆಗೂ ಹಾಕಲಾಗದು ಎಂದೇನೂ ಇಲ್ಲ ಎಂಬುದು ಆ ಪರೀಕ್ಷೆಯ ತೀರ್ಮಾನ.

ಆದರೂ ಹೀಟ್ ಪಂಪ್ ಹಾಕಿಸಿ ಬೇಸತ್ತವರು ಅಲ್ಲಿದ್ದಾರೆ, ಅವರು ಸುಳ್ಳು ಹೇಳುತ್ತಿಲ್ಲ. ಬಾಯ್ಲರ್ ನೀರನ್ನು 60, 70 ಡಿಗ್ರಿಗೆ ಕಾಯಿಸುತ್ತದೆ. ಹೀಟ್ ಪಂಪ್ ಚೆನ್ನಾಗಿ ಕೆಲಸ ಮಾಡುವುದು 35ರಿಂದ 50 ಡಿಗ್ರಿಯಲ್ಲಿ. ನೀರು ಅಷ್ಟು ಬಿಸಿ ಇಲ್ಲದಿದ್ದರೆ ರೇಡಿಯೇಟರ್ ದೊಡ್ಡದಿರಬೇಕು. ಸ್ನಾನದ ನೀರಿಗೆ ಹಂಡೆಯಂಥ ದೊಡ್ಡ ಟ್ಯಾಂಕ್ ಬೇಕು, ಸಣ್ಣ ಮನೆಯಲ್ಲಿ ಅದಕ್ಕೆ ಜಾಗ ಹುಡುಕುವುದೇ ಕಷ್ಟ. ಲೆಕ್ಕ ಹಾಕದೆ ಹಳೆಯ ರೇಡಿಯೇಟರ್‌ಗೇ ಜೋಡಿಸಿ ಹೋದ ಕಡೆ ಮನೆ ಬೆಚ್ಚಗಾಗಲಿಲ್ಲ, ಬಿಲ್ಲೂ ಏರಿತು. ಇದು ಮಷಿನ್ನಿನ ತಪ್ಪಿಗಿಂತ ಹಾಕಿದವರ ತಪ್ಪು. ಚಳಿಯಲ್ಲಿ ನಡುಗುತ್ತಾ ಕೂತವರಿಗೆ ಈ ವ್ಯತ್ಯಾಸದಿಂದ ಸಮಾಧಾನವಾಗುವುದಿಲ್ಲ, ಬಿಡಿ.

"ನಿಷೇಧ" ಎಂಬ ಪದ ಬಂದದ್ದು ಎಲ್ಲಿಂದ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಎಲ್ಲ ಗೊಂದಲವೂ ಇಲ್ಲಿಯೇ ಇದೆ.

2019ರ ಮಾರ್ಚ್‌ನಲ್ಲಿ ಅಂದಿನ ಹಣಕಾಸು ಸಚಿವ ಫಿಲಿಪ್ ಹ್ಯಾಮಂಡ್, 2025ರಿಂದ ಕಟ್ಟುವ ಹೊಸ ಮನೆಗಳಲ್ಲಿ ಗ್ಯಾಸ್ ಬಾಯ್ಲರ್ ಇರುವುದಿಲ್ಲ ಎಂದರು. ಹೊಸ ಮನೆಗಳು ಮಾತ್ರ. ಆ ಮಾತನ್ನು ನಿಯಮವಾಗಿಸಬೇಕಾದ ಮಾನದಂಡ 2025 ಮುಗಿಯುವಷ್ಟರಲ್ಲೂ ಇಂಗ್ಲೆಂಡಿನಲ್ಲಿ ಜಾರಿಗೆ ಬರಲಿಲ್ಲ. ಸ್ಕಾಟ್ಲೆಂಡ್ ಮಾತ್ರ 2024ರ ಏಪ್ರಿಲ್ 1ರಿಂದ ಹೊಸ ಕಟ್ಟಡಗಳಿಗೆ ಇಂಥ ನಿಯಮ ತಂದಿತು.

2021ರ ಅಕ್ಟೋಬರ್‌ನಲ್ಲಿ ಸರ್ಕಾರ ತನ್ನ ಕಾರ್ಯತಂತ್ರ ಪ್ರಕಟಿಸಿ, 2035ರಿಂದ ಹೊಸ ಗ್ಯಾಸ್ ಬಾಯ್ಲರ್‌ಗಳ ಮಾರಾಟ ನಿಲ್ಲಿಸುವ "ಆಶಯ" ಇದೆ ಎಂದಿತು. ಆಶಯ ಅಷ್ಟೇ, ಕಾನೂನು ಅಲ್ಲ. ಅದೂ ಹೊಸದಾಗಿ ಮಾರುವುದಕ್ಕೆ ಸಂಬಂಧಿಸಿದ್ದು, ಈಗಾಗಲೇ ಗೋಡೆಯಲ್ಲಿರುವುದಕ್ಕಲ್ಲ. 2023ರ ಸೆಪ್ಟೆಂಬರ್ 20ರಂದು ಪ್ರಧಾನಿ ರಿಷಿ ಸುನಕ್ ಅದನ್ನೂ ಸಡಿಲಗೊಳಿಸಿ, ಐದರಲ್ಲಿ ಒಂದು ಮನೆಗೆ ವಿನಾಯಿತಿ ಎಂದರು. 2024ರಲ್ಲಿ ಲೇಬರ್ ಸರ್ಕಾರ ಬಂತು. ಅದೂ ಈ ಆಶಯವನ್ನು ಕಾನೂನು ಮಾಡಲಿಲ್ಲ.

ಅಂದರೆ ಆರು ವರ್ಷ ಎಲ್ಲರೂ ಜಗಳವಾಡಿದ್ದು ಜಾರಿಗೇ ಬಾರದ ಒಂದು ನಿಷೇಧದ ಬಗ್ಗೆ!

ಇನ್ನು "ದಂಡ". ಇದೂ ನಿಜ, ಆದರೆ ಕಟ್ಟಬೇಕಾದವರು ಬೇರೆ. ದೊಡ್ಡ ಬಾಯ್ಲರ್ ಕಂಪನಿಗಳು ತಾವು ಮಾರುವ ಬಾಯ್ಲರ್‌ಗಳ ಲೆಕ್ಕಕ್ಕೆ ತಕ್ಕಂತೆ ಒಂದಿಷ್ಟು ಹೀಟ್ ಪಂಪ್‌ಗಳನ್ನೂ ಮಾರಬೇಕು, ಮಾರದಿದ್ದರೆ ಕಡಿಮೆಯಾದ ಪ್ರತಿಯೊಂದಕ್ಕೂ ಹಣ ಕಟ್ಟಬೇಕು ಎಂಬ ನಿಯಮವಿದೆ. 2024ರಲ್ಲಿ ಶುರುವಾಗಬೇಕಿತ್ತು, ಒಂದಕ್ಕೆ 3,000 ಪೌಂಡ್ ಎಂದಿತ್ತು. ಕೆಲವು ಕಂಪನಿಗಳು ಮೊದಲೇ ಬಾಯ್ಲರ್ ಬೆಲೆ ಏರಿಸಿ "ಇದು ಬಾಯ್ಲರ್ ತೆರಿಗೆ" ಎಂದು ಬೋರ್ಡು ಹಾಕಿದವು. ಸರ್ಕಾರ ಹಿಂದೆ ಸರಿಯಿತು. ಕೊನೆಗೆ 2025ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಮೊದಲ ವರ್ಷದ ಗುರಿ ಶೇ 6, ದಂಡ 500 ಪೌಂಡ್. ಫಾರ್ವರ್ಡ್ ಬರೆದವರು ಕಂಪನಿಯ ದಂಡವನ್ನು ನಿಮ್ಮ ಅಕ್ಕ ತಂಗಿಯರ ತಲೆಗೆ ಕಟ್ಟಿದ್ದಾರೆ.

ಇದರ ಜೊತೆ ಜರ್ಮನಿಯೂ ಸೇರಿಕೊಂಡಿದೆ. ಹೊಸ ಬಡಾವಣೆಗಳಲ್ಲಿ ಕಟ್ಟುವ ಮನೆಗಳ ಹೀಟಿಂಗ್‌ನಲ್ಲಿ ಕನಿಷ್ಠ ಶೇ 65 ನವೀಕರಿಸಬಹುದಾದ ಶಕ್ತಿ ಇರಬೇಕು ಎಂದು ಅಲ್ಲಿ 2024ರ ಜನವರಿಯಿಂದ ಕಾನೂನು ಬಂತು, ಅದರ ಮೇಲೆ ದೊಡ್ಡ ರಾಜಕೀಯ ರಂಪಾಟವೇ ಆಯಿತು. ಅಲ್ಲೂ ಇರುವ ಬಾಯ್ಲರ್ ರಿಪೇರಿ ಮಾಡಿಸಿ ಬಳಸಲು ಅಡ್ಡಿ ಇರಲಿಲ್ಲ.

ಹಾಗಾದರೆ ಸರ್ಕಾರ ಮಾಡಿದ್ದೇನು

ಫಾರ್ವರ್ಡ್ ಓದಿದರೆ ಸರ್ಕಾರ ಬುಲ್ಡೋಜರ್ ಹಾಗೆ ನುಗ್ಗುತ್ತಿದೆ ಅನಿಸುತ್ತದೆ. ದಾಖಲೆ ನೋಡಿದರೆ ಉಲ್ಟಾ. ಎರಡು ಹೆಜ್ಜೆ ಮುಂದೆ, ಒಂದೂವರೆ ಹೆಜ್ಜೆ ಹಿಂದೆ.

2006ರಲ್ಲಿ ಲೇಬರ್ ಸರ್ಕಾರ, 2016ರಿಂದ ಕಟ್ಟುವ ಮನೆಗಳೆಲ್ಲ ಶೂನ್ಯ ಇಂಗಾಲದವು ಎಂದಿತ್ತು. 2015ರ ಜುಲೈನಲ್ಲಿ, ಜಾರಿಗೆ ಇನ್ನೇನು ತಿಂಗಳುಗಳಿರುವಾಗ, ಮುಂದಿನ ಸರ್ಕಾರ ಅದನ್ನು ರದ್ದು ಮಾಡಿತು. ಆಮೇಲೆ ಹತ್ತು ಲಕ್ಷಕ್ಕೂ ಹೆಚ್ಚು ಹೊಸ ಮನೆಗಳು ಎದ್ದವು, ಬಹುಪಾಲು ಗ್ಯಾಸ್ ಬಾಯ್ಲರ್ ಹೊತ್ತೇ. ಇವನ್ನೆಲ್ಲ ಇನ್ನೊಂದು ದಿನ ಮತ್ತೆ ಖರ್ಚು ಮಾಡಿ ಬದಲಿಸಬೇಕು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ದುಬಾರಿ ತಪ್ಪು ಇದೇ.

2013ರಲ್ಲಿ ಮನೆ ಸುಧಾರಣೆಗೆ ಸಾಲ ಕೊಡುವ ಯೋಜನೆ ಬಂತು. ಸುಮಾರು 14,000 ಮನೆಗಳು ಮಾತ್ರ ಸಾಲ ತೆಗೆದುಕೊಂಡವು, 2015ಕ್ಕೆ ಮುಚ್ಚಿತು. ಅಟ್ಟ ಮತ್ತು ಗೋಡೆಗೆ ಇನ್ಸುಲೇಷನ್ ಹಾಕಿಸುವ ಕೆಲಸ 2012ರ ಮಟ್ಟಕ್ಕೆ ಹೋಲಿಸಿದರೆ ಶೇ 90ರಷ್ಟು ಕುಸಿಯಿತು.

2020ರಲ್ಲಿ ಕೋವಿಡ್ ನಡುವೆ 150 ಕೋಟಿ ಪೌಂಡ್‌ಗಳ ಇನ್ನೊಂದು ಯೋಜನೆ. 6 ಲಕ್ಷ ಮನೆಗಳ ಗುರಿ. ಆರು ತಿಂಗಳಲ್ಲಿ ಎಲ್ಲ ಮುಗಿಸಬೇಕೆಂದು ಹೊರಟರು. ವೋಚರ್‌ಗಾಗಿ ಜನ ಕಾದರು, ಕೆಲಸ ಮಾಡಿದ ಸಣ್ಣ ಕಾಂಟ್ರಾಕ್ಟರ್‌ಗಳು ಹಣಕ್ಕಾಗಿ ಕಾದರು. 2021ರ ಮಾರ್ಚ್ 31ಕ್ಕೆ ಬಾಗಿಲು ಹಾಕಿದರು. ನಮ್ಮ ಸಿಎಜಿ ಇದ್ದ ಹಾಗೆ ಅಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಇದೆ. ಅದರ ಅಂದಾಜಿನಂತೆ ಸುಧಾರಣೆಯಾಗುವ ಮನೆಗಳು 47,500. ಖರ್ಚು 31.4 ಕೋಟಿ ಪೌಂಡ್, ಅದರಲ್ಲಿ 5 ಕೋಟಿ ಆಡಳಿತ ವೆಚ್ಚಕ್ಕೇ ಹೋಯಿತು.

ಹೀಗೆ ಯೋಜನೆ ಬಂದು ಹೋಗುತ್ತಿದ್ದರೆ ತೊಂದರೆ ಯಾರಿಗೆ? ಹೊಸ ಕೆಲಸ ಕಲಿಯಬೇಕಾದ ಪ್ಲಂಬರ್‌ಗೆ. ಕೋರ್ಸಿಗೆ ದುಡ್ಡು ಹಾಕಿ, ವ್ಯಾನ್ ತೆಗೆದುಕೊಂಡು, ಇಬ್ಬರು ಹುಡುಗರನ್ನು ಕೆಲಸಕ್ಕಿಟ್ಟುಕೊಳ್ಳುವಷ್ಟರಲ್ಲಿ ಯೋಜನೆಯೇ ಇಲ್ಲ. ಮುಂದಿನ ಸಲ ಕರೆದರೆ ಆತ ಬರುವುದಿಲ್ಲ.

ಈಗ ನಡೆಯುತ್ತಿರುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್. 2022ರ ಮೇ ತಿಂಗಳಲ್ಲಿ 5,000 ಪೌಂಡ್ ಸಹಾಯಧನದೊಂದಿಗೆ ಶುರುವಾಯಿತು. ನಿಧಾನವಾಗಿತ್ತು: 2023ರ ಡಿಸೆಂಬರ್‌ಗೆ 50,000 ಹೀಟ್ ಪಂಪ್ ಎಂದುಕೊಂಡಿದ್ದ ಕಡೆ ಹಾಕಿದ್ದು 18,900. 2023ರ ಅಕ್ಟೋಬರ್‌ನಲ್ಲಿ ಸಹಾಯಧನ 7,500 ಪೌಂಡ್‌ಗೆ ಏರಿತು, ನಮ್ಮ ದುಡ್ಡಲ್ಲಿ ಎಂಟು ಲಕ್ಷಕ್ಕೂ ಮೇಲೆ. ಅದಾದ ಮೇಲೆ ವೇಗ ಬಂತು. ಏರಿಸಿದ್ದು ಯಾರು? ನಿಷೇಧದ ಮಾತನ್ನು ಸಡಿಲಿಸಿದ ಅದೇ ಸುನಕ್, ಅದೇ ಭಾಷಣದಲ್ಲಿ. ಆ ಅರ್ಧ ಯಾವ ಫಾರ್ವರ್ಡ್‌ನಲ್ಲೂ ಇಲ್ಲ.

2024ರಲ್ಲಿ ಬ್ರಿಟನ್‌ನಲ್ಲಿ ಸುಮಾರು 98,000 ಹೀಟ್ ಪಂಪ್‌ಗಳು ಮಾರಾಟವಾದವು, ಹಿಂದಿನ ವರ್ಷ 60,000 ಇತ್ತು. ಇದು ಒಳ್ಳೆಯ ಏರಿಕೆಯೇ. ಆದರೆ 2020ರಲ್ಲಿ ಬೋರಿಸ್ ಜಾನ್ಸನ್ ಸರ್ಕಾರ ಹಾಕಿಕೊಂಡ ಗುರಿ 2028ರ ಹೊತ್ತಿಗೆ ವರ್ಷಕ್ಕೆ 6 ಲಕ್ಷ. ಸರ್ಕಾರಕ್ಕೆ ಸಲಹೆ ನೀಡುವ ಸ್ವತಂತ್ರ ಹವಾಮಾನ ಬದಲಾವಣೆ ಸಮಿತಿ 2025ರಲ್ಲಿ ಹೇಳಿದಂತೆ ಹೀಟ್ ಪಂಪ್ ಇರುವ ಮನೆಗಳು ಇನ್ನೂ ಶೇ 1ರ ಆಸುಪಾಸು. 2025ರ ಜೂನ್‌ನಲ್ಲಿ ಲೇಬರ್ ಸರ್ಕಾರ ಮನೆಗಳನ್ನು ಬೆಚ್ಚಗಾಗಿಸುವ ಯೋಜನೆಗೆ 1,320 ಕೋಟಿ ಪೌಂಡ್ ತೆಗೆದಿಟ್ಟಿತು. ಹೀಟ್ ಪಂಪನ್ನು ಪಕ್ಕದ ಮನೆಯ ಗಡಿಯಿಂದ ಒಂದು ಮೀಟರ್ ದೂರದಲ್ಲಿಡಬೇಕು ಎಂಬ ಇಂಗ್ಲೆಂಡಿನ ನಿಯಮವೂ 2025ರ ಮೇ ತಿಂಗಳಲ್ಲಿ ಹೋಯಿತು. ಸಾಲುಮನೆಗಳಲ್ಲಿ ಇರುವವರಿಗೆ ಇದು ಸಣ್ಣ ಸಂಗತಿಯಲ್ಲ, ಅಲ್ಲಿನ ಹಿತ್ತಲು ಎಷ್ಟಗಲ ಇರುತ್ತದೆ ಎಂದು ನೋಡಿದವರಿಗೆ ಗೊತ್ತು.

ಗ್ಯಾಸ್ ಪೈಪಿನಲ್ಲೇ ಹೈಡ್ರೋಜನ್ ಹರಿಸಿದರಾಯಿತು, ಬಾಯ್ಲರ್ ಹಾಗೇ ಇರಲಿ ಎಂಬ ವಾದವೂ ಇತ್ತು. ಪ್ರಯೋಗ ಮಾಡಬೇಕಿದ್ದ ಎರಡೂ ಊರುಗಳಲ್ಲಿ 2023ರಲ್ಲಿ ಕೈಬಿಟ್ಟರು, ಒಂದರಲ್ಲಿ ಜನರ ವಿರೋಧಕ್ಕೆ, ಇನ್ನೊಂದರಲ್ಲಿ ಹೈಡ್ರೋಜನ್ನೇ ಸಿಗದೆ.

ಬಿಲ್ ನಾಲ್ಕು ಪಟ್ಟು ಆಗುತ್ತದಾ? ಲೆಕ್ಕ ಹಾಕೋಣ

ಫಾರ್ವರ್ಡ್‌ನಲ್ಲಿ ಸತ್ಯಕ್ಕೆ ಅತಿ ಹತ್ತಿರ ಇರುವುದು ಈ "ನಾಲ್ಕು" ಎಂಬ ಅಂಕಿ. ನಾಲ್ಕು ಪಟ್ಟು ಇರುವುದು ಬಿಲ್ ಅಲ್ಲ, ಯೂನಿಟ್ ದರ. ನಮ್ಮ ಕೆಇಆರ್‌ಸಿಯಂತೆ ಅಲ್ಲಿ ಆಫ್‌ಜೆಮ್ ದರದ ಮಿತಿ ಗೊತ್ತುಮಾಡುತ್ತದೆ. 2025ರ ಅಕ್ಟೋಬರ್–ಡಿಸೆಂಬರ್‌ನಲ್ಲಿ ಒಂದು ಯೂನಿಟ್ ಗ್ಯಾಸ್‌ಗೆ ಸರಾಸರಿ 6.29 ಪೆನ್ಸ್, ಒಂದು ಯೂನಿಟ್ ಕರೆಂಟಿಗೆ 26.35 ಪೆನ್ಸ್.

ಅಲ್ಲಿನ ಸಾಮಾನ್ಯ ಮನೆ ವರ್ಷಕ್ಕೆ 11,500 ಯೂನಿಟ್ ಗ್ಯಾಸ್ ಬಳಸುತ್ತದೆ ಎಂದು ಆಫ್‌ಜೆಮ್ ಹಿಡಿಯುತ್ತದೆ. ಖರ್ಚು ಸುಮಾರು 723 ಪೌಂಡ್. ಬಾಯ್ಲರಿನಲ್ಲಿ ಒಂದಿಷ್ಟು ಹೊಗೆಯ ಜೊತೆ ಹೋಗಿ ಮನೆಗೆ ಸಿಗುವ ಶಾಖ ಸುಮಾರು 10,000 ಯೂನಿಟ್ ಎನ್ನೋಣ. ಅಷ್ಟೂ ಶಾಖವನ್ನು ಗೀಸರ್ ಕಾಯಿಲ್‌ನಂಥ ಸಾದಾ ಹೀಟರಿನಿಂದ ಪಡೆದರೆ 2,635 ಪೌಂಡ್. ಇದು ನಿಜಕ್ಕೂ ಮೂರೂವರೆ ಪಟ್ಟು ಹೆಚ್ಚು. 2.8 ದಕ್ಷತೆಯ ಹೀಟ್ ಪಂಪಿಗೆ ಬೇಕಾಗುವುದು ಸುಮಾರು 3,570 ಯೂನಿಟ್ ಕರೆಂಟ್, ಅಂದರೆ 941 ಪೌಂಡ್. ಸರಿಯಾಗಿ ಹಾಕಿ ದಕ್ಷತೆ 3.5 ಬಂದರೆ 753. ಒಲೆಯನ್ನೂ ಕರೆಂಟಿಗೆ ಬದಲಿಸಿ ಗ್ಯಾಸ್ ಸಂಪರ್ಕವನ್ನೇ ತೆಗೆಸಿದರೆ ದಿನಕ್ಕೆ ಸುಮಾರು 34 ಪೆನ್ಸ್ ನಿಗದಿತ ಶುಲ್ಕ ಉಳಿಯುತ್ತದೆ, ವರ್ಷಕ್ಕೆ 120 ಪೌಂಡ್ ಮೇಲೆ.

ಅಂದರೆ ಸಾಧಾರಣವಾಗಿ ಹಾಕಿದರೆ ಬಿಲ್ ನೂರು ಪೌಂಡ್ ಆಚೆ ಈಚೆ ಏರಬಹುದು, ಚೆನ್ನಾಗಿ ಹಾಕಿದರೆ ಸ್ವಲ್ಪ ಇಳಿಯಬಹುದು. "ನಾಲ್ಕು ಪಟ್ಟು" ಸುಳ್ಳು. "ಬಿಲ್ ಅರ್ಧ ಆಗುತ್ತದೆ" ಎಂದು ಮಾರಲು ಬರುವವರ ಮಾತನ್ನೂ ಹಾಗೇ ನಂಬಬೇಡಿ, ಗ್ಯಾಸ್ ಬಾಯ್ಲರ್ ಇರುವ ಮನೆಗೆ ಈ ದರದಲ್ಲಿ ಅದು ಬಹಳ ಕಷ್ಟ.

ಕರೆಂಟ್ ಇಷ್ಟು ದುಬಾರಿ ಏಕೆ? ಹಸಿರು ಯೋಜನೆಗಳ, ಬಡವರ ನೆರವಿನ ಖರ್ಚನ್ನು ಅಲ್ಲಿ ಹೆಚ್ಚಾಗಿ ಕರೆಂಟ್ ಬಿಲ್ಲಿಗೆ ಸೇರಿಸಿದ್ದಾರೆ, ಗ್ಯಾಸ್ ಬಿಲ್ಲಿಗೆ ಕಡಿಮೆ. ಗ್ಯಾಸ್ ಬಿಡಿ ಎಂದು ಹೇಳುವ ಸರ್ಕಾರವೇ ಕರೆಂಟಿನ ಮೇಲೆ ಹೊರೆ ಹಾಕಿದಂತೆ. ಹವಾಮಾನ ಸಮಿತಿ ವರ್ಷವರ್ಷವೂ ಇದನ್ನು ಸರಿಪಡಿಸಿ ಎನ್ನುತ್ತಿದೆ. 2025ರ ನವೆಂಬರ್ ಬಜೆಟ್‌ನಲ್ಲಿ ಇಂಥ ಹೊರೆಯ ಒಂದು ಭಾಗವನ್ನು 2026ರ ಏಪ್ರಿಲ್‌ನಿಂದ ಬಿಲ್ಲಿನಿಂದ ತೆಗೆಯುವ ಘೋಷಣೆಯಾಯಿತು. ಅರ್ಥಾತ್, ಮನೆಗಳು ಬದಲಾಗದಿರುವುದಕ್ಕೆ ಜನರ ಹಠಕ್ಕಿಂತ ಈ ದರಪಟ್ಟಿ ದೊಡ್ಡ ಕಾರಣ. ನಾನೂ ಅಲ್ಲಿದ್ದಿದ್ದರೆ ಈ ಲೆಕ್ಕ ನೋಡಿ ಯೋಚಿಸುತ್ತಿದ್ದೆ.

ಯಾರೂ ಫಾರ್ವರ್ಡ್ ಮಾಡದ ನಿಜವಾದ ಅನಾಹುತ

ಬಾಯ್ಲರ್ ಬಗ್ಗೆ ಇಷ್ಟೆಲ್ಲ ಗದ್ದಲದ ನಡುವೆ ಗೋಡೆಗಳಲ್ಲಿ ಬೇರೆಯೇ ಏನೋ ನಡೆದಿತ್ತು. ಕಡಿಮೆ ಆದಾಯದವರ ಮನೆಗಳ ಗೋಡೆಗೆ ಉಚಿತವಾಗಿ ಇನ್ಸುಲೇಷನ್ ಹಾಕಿಸುವ ಯೋಜನೆಗಳಿದ್ದವು. 2025ರ ಅಕ್ಟೋಬರ್‌ನಲ್ಲಿ ಲೆಕ್ಕಪರಿಶೋಧನಾ ಕಚೇರಿಯ ವರದಿ ಬಂತು. ಗೋಡೆಯ ಹೊರಗೆ ಹಾಕಿದ ಇನ್ಸುಲೇಷನ್‌ನಲ್ಲಿ ಶೇ 98ರಷ್ಟು, ಅಂದರೆ 22,000ಕ್ಕೂ ಹೆಚ್ಚು ಮನೆಗಳಲ್ಲಿ, ಸರಿಪಡಿಸಬೇಕಾದ ದೊಡ್ಡ ದೋಷಗಳಿವೆ. ಒಳಗೋಡೆಗೆ ಹಾಕಿದ್ದರಲ್ಲಿ ಶೇ 29.

ಇದರ ಅರ್ಥ ಮಲೆನಾಡಿನವರಿಗೆ ಬೇಗ ತಿಳಿಯುತ್ತದೆ. ಗೋಡೆ ಉಸಿರಾಡುವುದನ್ನು ಮುಚ್ಚಿ, ಅಂಚುಗಳನ್ನು ಸರಿಯಾಗಿ ಸೀಲ್ ಮಾಡದೆ ಬಿಟ್ಟರೆ ಮಳೆನೀರು ಒಳಗೆ ಇಳಿದು ಸಿಕ್ಕಿಹಾಕಿಕೊಳ್ಳುತ್ತದೆ. ತೇವ, ಆಮೇಲೆ ಬೂಷ್ಟು, ಆಮೇಲೆ ಮಕ್ಕಳ ಕೆಮ್ಮು. ಕೆಲಸ ಮಾಡಿದವರಲ್ಲಿ ಬೇಕಾದ ಕೌಶಲ್ಯ ಇರಲಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಸಬ್ ಕಾಂಟ್ರಾಕ್ಟ್, ತಪಾಸಣೆ ಹಲವು ಸಂಸ್ಥೆಗಳ ನಡುವೆ ಹಂಚಿಹೋಗಿ ಯಾರೂ ಪೂರ್ತಿ ನೋಡಲಿಲ್ಲ. ಮನೆಯವರಿಂದ ಹಣ ಪಡೆಯದೆ ಸರಿಪಡಿಸಿಕೊಡಬೇಕು ಎಂದು ಸರ್ಕಾರ ಹೇಳಿದೆ. ನಿಮ್ಮವರು ಯಾರಾದರೂ ಅಂಥ ಮನೆಯಲ್ಲಿದ್ದು ಗೋಡೆಯಲ್ಲಿ ಕಪ್ಪು ಕಲೆ ಕಂಡಿದ್ದರೆ, ಕಳಿಸಬೇಕಾದ ಸುದ್ದಿ ಇದು.

ಸದ್ದಿಲ್ಲದೆ ಕೆಲಸ ಮಾಡಿದ ನಿಯಮವೂ ಒಂದಿದೆ. 2005ರ ಏಪ್ರಿಲ್‌ನಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ಹೊಸದಾಗಿ ಹಾಕುವ ಗ್ಯಾಸ್ ಬಾಯ್ಲರ್ ಕಡಿಮೆ ಗ್ಯಾಸಿನಲ್ಲಿ ಹೆಚ್ಚು ಶಾಖ ಕೊಡುವ ಕಂಡೆನ್ಸಿಂಗ್ ಬಗೆಯದೇ ಆಗಿರಬೇಕು ಎಂದರು. ಹಳೆಯದು ಕೆಟ್ಟಾಗ ಹೊಸದು ಬಂತು, ಕೆಲವೇ ವರ್ಷಗಳಲ್ಲಿ ಅದೇ ಸಾಮಾನ್ಯವಾಯಿತು.

ಅಲ್ಲಿ ನಿಮ್ಮವರಿದ್ದರೆ

ಬಾಡಿಗೆ ಮನೆಯಲ್ಲಿರುವವರಿಗೆ 7,500 ಪೌಂಡ್ ಯೋಜನೆ ಅನ್ವಯಿಸುವುದಿಲ್ಲ, ಮನೆ ಓನರ್ ಮಾಡಿಸಬೇಕು. ಹೊಸದಾಗಿ ಹೋದ ಹುಡುಗರಿಗೆ ಯಾರಾದರೂ ಇದನ್ನು ಮಾರಲು ಬಂದರೆ ಅಲ್ಲೇ ಅನುಮಾನ ಪಡಬಹುದು. ಸ್ವಂತ ಮನೆ ಇದ್ದರೂ ಅರ್ಜಿ ಹಾಕುವುದು ಮನೆಯವರಲ್ಲ, ಎಂಸಿಎಸ್ ಪ್ರಮಾಣಪತ್ರ ಇರುವ ಇನ್‌ಸ್ಟಾಲರ್. ಆಫ್‌ಜೆಮ್ ಆಮೇಲೆ ಓನರ್ ಒಪ್ಪಿಗೆ ಕೇಳುತ್ತದೆ, ಸಹಾಯಧನ ಬಿಲ್ಲಿನಲ್ಲೇ ಕಡಿತವಾಗುತ್ತದೆ. ಸರ್ಕಾರದ ಕಡೆಯಿಂದ ಅಂತ ತಾವಾಗಿ ಫೋನ್ ಮಾಡಿ ಕಾರ್ಡ್ ನಂಬರ್ ಕೇಳುವವರು ಯಾರೂ ಈ ದಾರಿಯಲ್ಲಿ ಬರುವುದಿಲ್ಲ. ಯೋಜನೆ 2028ರವರೆಗೆ ಎಂದು 2023ರಲ್ಲೇ ಘೋಷಿಸಿದ್ದಾರೆ, "ಶುಕ್ರವಾರ ಕೊನೇ ದಿನ" ಎಂಬುದು ಹೆದರಿಸುವ ಮಾತು. ಸಹಾಯಧನ ಕಳೆದ ಮೇಲೂ ಸಾಮಾನ್ಯವಾಗಿ ಕೆಲವು ಸಾವಿರ ಪೌಂಡ್ ಕೈಯಿಂದ ಬೀಳುತ್ತದೆ. ಸ್ಕಾಟ್ಲೆಂಡಿನಲ್ಲಿ ವ್ಯವಸ್ಥೆ ಬೇರೆ, ಅಲ್ಲಿ ಸಹಾಯಧನದ ಜೊತೆ ಬಡ್ಡಿಯಿಲ್ಲದ ಸಾಲವೂ ಇದೆ.

ಅಕ್ಕ, ಭಾವ 500 ಪೌಂಡ್ ಕಟ್ಟಲಿಲ್ಲ. ಸದ್ಯಕ್ಕೆ ಬಾಯ್ಲರನ್ನೇ ಇಟ್ಟುಕೊಂಡಿದ್ದಾರೆ. ಅವರದು ಟ್ಯಾಂಕ್ ಇಲ್ಲದ ಕಾಂಬಿ ಬಾಯ್ಲರ್. ಅದರಲ್ಲಿ ರೇಡಿಯೇಟರ್‌ಗೆ ಹೋಗುವ ನೀರಿನ ಬಿಸಿಯನ್ನು 75ರಿಂದ 55 ಡಿಗ್ರಿಗೆ ಇಳಿಸಿ ನೋಡಲು ಹೇಳಿದೆ. ಕಂಡೆನ್ಸಿಂಗ್ ಬಾಯ್ಲರ್ ಕಡಿಮೆ ಬಿಸಿಯಲ್ಲಿ ಗ್ಯಾಸ್ ಉಳಿಸುತ್ತದೆ. ಜೊತೆಗೆ ಆ ಬಿಸಿಯಲ್ಲೂ ಮನೆ ಬೆಚ್ಚಗಿದ್ದರೆ ಮುಂದೆ ಹೀಟ್ ಪಂಪ್ ಹೊಂದುತ್ತದೆಯೇ ಎಂಬುದರ ಒಂದು ಅಂದಾಜೂ ಸಿಗುತ್ತದೆ. (ಬಿಸಿನೀರಿನ ಟ್ಯಾಂಕ್ ಇರುವ ಮನೆಯಲ್ಲಿ ಹೀಗೆ ಮಾಡಬೇಡಿ. ಟ್ಯಾಂಕಿನ ನೀರು 60 ಡಿಗ್ರಿ ಇರಬೇಕು, ಇಲ್ಲದಿದ್ದರೆ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ.) ಮುಂದಿನ ರೂಮು, ಮಗುವಿನ ರೂಮು ಬೆಚ್ಚಗಿದ್ದವಂತೆ. ಹಿಂದಿನ ರೂಮಿನ ರೇಡಿಯೇಟರ್ ಮಾತ್ರ ಸಾಲಲಿಲ್ಲ, ಅದನ್ನು ಈ ಬೇಸಿಗೆಯಲ್ಲಿ ದೊಡ್ಡದಕ್ಕೆ ಬದಲಿಸುತ್ತಾರಂತೆ.

ದೊಡ್ಡಮ್ಮನಿಗೆ ಇಷ್ಟನ್ನೂ ವಾಯ್ಸ್ ಮೆಸೇಜ್ ಮಾಡಿ ಕಳಿಸಿದೆ. "ಹಾಗಾದ್ರೆ ಆ ಮೆಸೇಜ್ ಡಿಲೀಟ್ ಮಾಡೋದು ಹೇಗೆ ಹೇಳು, ನಾನು ಇನ್ನೂ ಮೂರು ಗ್ರೂಪಿಗೆ ಹಾಕಿದೀನಿ" ಅಂದರು.